ಹೆಡ್‌ಲೈಟ್ ಹೊಂದಾಣಿಕೆ

ಕಾರಿನ ದೀಪಗಳ ಬೆಳಕು ರಸ್ತೆಯ ಮೇಲೆ ತಕ್ಕ ಎತ್ತರ ಮತ್ತು ದಿಕ್ಕಿನಲ್ಲಿ ಬೀಳುವಂತೆ ಸರಿಪಡಿಸುವ ಕೆಲಸ. ಬಲ್ಬ್ ಬದಲಿಸಿದಾಗ, ಸ್ಪ್ರಿಂಗ್ ಕುಗ್ಗಿದಾಗ ಅಥವಾ ಮುಂಭಾಗಕ್ಕೆ ಪೆಟ್ಟು ಬಿದ್ದಾಗ ಈ ಹೊಂದಾಣಿಕೆ ತಪ್ಪುವುದುಂಟು. ಮನೆಯಲ್ಲೇ ಮಾಡಲು ಸಮತಟ್ಟಾದ ನೆಲ, ಎದುರಿಗೊಂದು ಗೋಡೆ, ಅಂಟುಪಟ್ಟಿ, ಸ್ಕ್ರೂಡ್ರೈವರ್ ಸಾಕು. ಮೊದಲು ಟೈರಿನ ಗಾಳಿ ಸರಿಯಿರಬೇಕು. ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ಬದಲಿಸುವ ತಿರುಗುಗುಂಡಿ ಇದ್ದರೆ ಅದು 0ಯಲ್ಲಿರಬೇಕು. ಅನೇಕರು ಮರೆಯುವುದು ಇದನ್ನೇ.

ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಕಾರನ್ನು 10 ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಬೇಕು. ಬೆಳಕಿನ ಮೇಲಂಚು ಗುರುತಿಗಿಂತ ಸುಮಾರು 10 ಸೆಂ.ಮೀ. ಕೆಳಗೆ, ಎಂದರೆ ಶೇ. 1ರಷ್ಟು ಇಳಿಜಾರಿನಲ್ಲಿರುವುದು ಸಾಮಾನ್ಯ ಲೆಕ್ಕ. ದೀಪದ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಪ್ರಮಾಣ. ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುವುದರಿಂದ ಈ ಅಂಚು ಎಡಕ್ಕೆ ತುಸು ಮೇಲೇರುತ್ತದೆ: ರಸ್ತೆಯ ಅಂಚಿನಲ್ಲಿ ನಡೆಯುವವರು ಕಾಣುತ್ತಾರೆ, ಎದುರು ಬರುವವರ ಕಣ್ಣು ಕುಕ್ಕುವುದಿಲ್ಲ. ದೀಪದ ಹಿಂದಿನ ಒಂದು ತಿರುಪು ಎತ್ತರಕ್ಕೆ, ಇನ್ನೊಂದು ಎಡಬಲಕ್ಕೆ. ಕೆಲವು ಕಾರುಗಳಲ್ಲಿ ಎರಡನೆಯದು ಇರುವುದಿಲ್ಲ. ಒಂದು ದೀಪ ಸರಿಪಡಿಸುವಾಗ ಮತ್ತೊಂದನ್ನು ಬಟ್ಟೆಯಿಂದ ಮುಚ್ಚಿದರೆ ಅಂಚು ಸ್ಪಷ್ಟ.

ಹ್ಯಾಲೊಜೆನ್ ದೀಪದೊಳಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚೆದುರುವುದೇ ಹೆಚ್ಚು. ಅದನ್ನು ಯಾವ ತಿರುಪೂ ಸರಿಪಡಿಸದು.