ವಾಟರ್‌ಲೂ ಕದನದ ಮರುಪ್ರದರ್ಶನ: ಕಲಿಸುವುದೇನು, ಕಲಿಸಲಾಗದ್ದೇನು?

ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧವೆಂದರೆ ಒಂದು ಇಸವಿ, ಇಬ್ಬರು ನಾಯಕರು ಮತ್ತು ಕೊನೆಗೊಂದು ಒಪ್ಪಂದ. ಉಪಾಧ್ಯಾಯರಾದ ನಾವು ಕಪ್ಪುಹಲಗೆಯ ಮೇಲೆ ಎರಡು ಬಾಣದ ಗುರುತುಗಳನ್ನೆಳೆದು ಮುಂದಿನ ಅಧ್ಯಾಯಕ್ಕೆ ಸಾಗುತ್ತಿದ್ದೆವು. ಆ ಗುರುತಿನೊಳಗೆ ಸಾವಿರಾರು ಮನುಷ್ಯರು ಕೆಸರು ತುಳಿದು ನಡೆದಿದ್ದರೆಂಬುದು ಮಕ್ಕಳಿಗೆ ಹೊಳೆಯುವುದಾದರೂ ಹೇಗೆ? ಹಳೆಯ ಕದನಗಳನ್ನು ಆ ಕಾಲದ ಉಡುಪು, ಆಯುಧಗಳೊಡನೆ ಮತ್ತೆ ಅಭಿನಯಿಸುವ ಪದ್ಧತಿ ಯೂರೋಪು, ಅಮೆರಿಕಗಳಲ್ಲಿ ಬಹುವಾಗಿ ಬೆಳೆದಿದೆ. ಅದು ದೊಡ್ಡವರ ಆಟವೆಂದು ನಗುವವರುಂಟು. ಆದರೆ ಅದರಲ್ಲಿ ಇತಿಹಾಸದ ವಿದ್ಯಾರ್ಥಿಗೂ ಪಾಠವಿದೆ.

ವಾಟರ್‌ಲೂ ಕದನವನ್ನೇ ತೆಗೆದುಕೊಳ್ಳೋಣ. ಇಂದಿನ ಬೆಲ್ಜಿಯಂನಲ್ಲಿ 1815ರ ಜೂನ್ 18ರಂದು ನೆಪೋಲಿಯನ್ ಅಂತಿಮವಾಗಿ ಸೋತನು. ಅವನನ್ನು ಸೋಲಿಸಿದ ವೆಲಿಂಗ್ಟನ್, 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ. ಕದನದ ಇನ್ನೂರನೆಯ ವರ್ಷದಲ್ಲಿ, 2015ರ ಜೂನ್‌ನಲ್ಲಿ, ಸುಮಾರು 5,000 ಮಂದಿ, 300 ಕುದುರೆಗಳು ಹಾಗೂ 100 ಫಿರಂಗಿಗಳೊಡನೆ ಅದನ್ನು ಅಲ್ಲಿಯೇ ಮತ್ತೆ ಅಭಿನಯಿಸಿದರು.

ಇಂಥ ಪ್ರದರ್ಶನದ ಮೊದಲ ಪಾಠ ಹೊಗೆ. ಅಂದಿನ ಸಿಪಾಯಿ ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಸರಳಿನಿಂದ ತಳ್ಳಿ, ಅನಂತರ ಹಾರಿಸಬೇಕಿತ್ತು. ಚೆನ್ನಾಗಿ ಪಳಗಿದವನೂ ನಿಮಿಷಕ್ಕೆ ಮೂರು ಬಾರಿ ಹಾರಿಸಿದರೆ ಹೆಚ್ಚು. ಮದ್ದಿನಲ್ಲಿನ ಪೆಟ್ಲುಪ್ಪು ಬಾಯನ್ನು ಒಣಗಿಸುತ್ತಿತ್ತು. ನಾಲ್ಕಾರು ಸುತ್ತು ಹಾರಿಸುವಷ್ಟರಲ್ಲಿ ದಟ್ಟ ಬಿಳಿಹೊಗೆ ಕವಿದು, ಎದುರಿನ ಸಾಲು ಮರೆಯಾಗುತ್ತಿತ್ತು. ಸೇನೆಗಳು ಕೆಂಪು, ನೀಲಿ ಬಣ್ಣಗಳ ಅಂಗಿ ತೊಟ್ಟದ್ದೇಕೆ, ಧ್ವಜಕ್ಕೂ ನಗಾರಿಗೂ ಅಷ್ಟು ಮಹತ್ವವಿದ್ದುದೇಕೆ ಎಂಬುದು ಆ ಹೊಗೆಯೊಳಗೆ ನಿಂತವನಿಗೆ ಬೇಗ ಅರ್ಥವಾಗುತ್ತದೆ.

ಕದನದಲ್ಲಿದ್ದವರ ಪತ್ರಗಳು ಪರಸ್ಪರ ಹೊಂದುವುದಿಲ್ಲ. ಅದಕ್ಕೂ ಒಂದು ಕಾರಣ ಇಲ್ಲಿ ಸಿಗುತ್ತದೆ. ಕದನದ ಚರಿತ್ರೆ ನೃತ್ಯಕೂಟವೊಂದರ ಚರಿತ್ರೆಯಂತೆ, ಬಿಡಿ ಘಟನೆಗಳು ನೆನಪಿದ್ದರೂ ಅವು ನಡೆದ ಕ್ರಮವನ್ನು ಯಾರೂ ಹೇಳಲಾರರು ಎಂಬ ಅರ್ಥದ ಮಾತನ್ನು ವೆಲಿಂಗ್ಟನ್ನನೇ ಅದೇ ವರ್ಷ ಬರೆದಿದ್ದನು. ಪತ್ರ ಬರೆದವರು ಸುಳ್ಳು ಹೇಳಿದರೆಂದಲ್ಲ. ಪ್ರತಿಯೊಬ್ಬನೂ ತನ್ನ ಸುತ್ತಲಿನ ಕೆಲವೇ ಮಾರು ದೂರವನ್ನು ಮಾತ್ರ ಕಂಡಿದ್ದನು.

ಇನ್ನು ಮಿತಿಗಳು. ಪ್ರದರ್ಶನದ ಬಂದೂಕಿನಲ್ಲಿ ಮದ್ದಿರುತ್ತದೆ, ಗುಂಡಿರುವುದಿಲ್ಲ. ನೆಲವೂ ಅಂದಿನದಲ್ಲ. 1826ರಲ್ಲಿ ಮುಗಿದ ಸಿಂಹದ ದಿಬ್ಬಕ್ಕಾಗಿ ಮಣ್ಣನ್ನು ತೆಗೆದುದರಿಂದ ವೆಲಿಂಗ್ಟನ್ ಕಾದಿದ ಏರಿನ ಒಂದು ಭಾಗವೇ ತಗ್ಗಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಪ್ರದರ್ಶನ ಮುಗಿದೊಡನೆ ಸತ್ತವರು ಎದ್ದು, ಮಣ್ಣು ಕೊಡವಿಕೊಂಡು ಊಟಕ್ಕೆ ಹೋಗುತ್ತಾರೆ. 1815ರಲ್ಲಿ ಸತ್ತವರು, ಗಾಯಗೊಂಡವರು ಸೇರಿ 40,000ಕ್ಕೂ ಹೆಚ್ಚು. ವೆಲಿಂಗ್ಟನ್ನನ ಸೇನೆಯ ಆಸ್ಪತ್ರೆಯಿದ್ದ ಮೋಂ ಸಾಂ ಜಾನ್ ತೋಟದಲ್ಲಿ 2022ರಲ್ಲಿ ಅಗೆದಾಗ, ಕತ್ತರಿಸಿದ ಕೈಕಾಲುಗಳ ಮೂಳೆಗಳೂ ಕುದುರೆಗಳ ಅವಶೇಷಗಳೂ ಇದ್ದ ಕಂದಕದಲ್ಲೇ ಒಬ್ಬ ಮನುಷ್ಯನ ಅಸ್ಥಿಪಂಜರ ದೊರೆಯಿತು. ಯಾವ ಪ್ರದರ್ಶನವೂ ತೋರಿಸಲಾಗದ ಸತ್ಯವದು.

ನಮ್ಮ ನಾಡಿಗೂ ಈ ವಿಚಾರ ಸಲ್ಲುತ್ತದೆ. ಮೈಸೂರಿನ ರಾಕೆಟ್ಟುಗಳಿಂದ ಪ್ರೇರಿತವಾದ ಬ್ರಿಟಿಷ್ ರಾಕೆಟ್ಟುಗಳು ವಾಟರ್‌ಲೂನಲ್ಲೂ ಹಾರಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಪಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆಯಲಾಯಿತು. ಮಕ್ಕಳಿಗೆ ನಾವು ಅವುಗಳ ಹೆಮ್ಮೆಯನ್ನಷ್ಟೇ ಹೇಳುತ್ತೇವೆ. ಒಂದು ಪ್ರತಿಕೃತಿಯನ್ನು ಕೈಗೆ ಕೊಟ್ಟರೆ, ಇದರ ತೂಕವೆಷ್ಟು, ಹೊತ್ತವರಾರು, ಗುರಿ ಹಿಡಿದದ್ದು ಹೇಗೆ ಎಂದು ಅವರೇ ಕೇಳುವರು. ಆಗ, ಇದು ಯಾರ ಮೇಲೆ ಬಿದ್ದಿತು ಎಂಬ ಪ್ರಶ್ನೆಯನ್ನೂ ಗುರುವಾದವನು ಕೇಳಬೇಕು. ಅದಿಲ್ಲದಿದ್ದರೆ ಮರುಪ್ರದರ್ಶನ ಬರಿಯ ಜಾತ್ರೆಯಾದೀತು.