ಮೂರು ಹಗಲು, ಮೂರು ಇರುಳು

ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪ್ರಭು ಯೇಸು ಶಿಲುಬೆಯ ಮೇಲೆ ಪ್ರಾಣಾರ್ಪಣೆ ಮಾಡಿದರು. ಹೊತ್ತು ಮುಳುಗಿ ಸಬ್ಬತ್ ದಿನ ಆರಂಭವಾಗುವ ಮುನ್ನವೇ ಅರಿಮತಾಯದ ಜೋಸೆಫರು ಅವರ ಪಾರ್ಥಿವ ಶರೀರವನ್ನು ಸಮಾಧಿಯಲ್ಲಿರಿಸಿದರು. ಭಾನುವಾರ ನಸುಕಿನಲ್ಲಿ ಮಹಿಳೆಯರು ಅಲ್ಲಿಗೆ ಹೋದಾಗ ಸಮಾಧಿ ಬರಿದಾಗಿತ್ತು. ಬೆರಳು ಮಡಿಸಿ ಎಣಿಸಿದರೆ ಇಲ್ಲಿರುವುದು ಎರಡು ಇರುಳು, ಒಂದು ಪೂರ್ಣ ಹಗಲು ಮತ್ತು ಶುಕ್ರವಾರದ ಒಂದು ತುಣುಕು. ಗಂಟೆಗಳ ಲೆಕ್ಕದಲ್ಲಿ 40 ಕೂಡ ತುಂಬುವುದಿಲ್ಲ. ಆದರೆ ಸಂತ ಮತ್ತಾಯರ ಶುಭಸಂದೇಶದಲ್ಲಿ (12:40) ಸ್ವಾಮಿಯವರು ಪ್ರವಾದಿ ಯೋನನ ನಿದರ್ಶನವನ್ನು ನೀಡಿ, ನರಪುತ್ರನು ಭೂಗರ್ಭದಲ್ಲಿ ಮೂರು ಹಗಲು ಮತ್ತು ಮೂರು ಇರುಳು ಇರುವನೆಂದು ನುಡಿದಿದ್ದಾರೆ. ಲೆಕ್ಕ ಕೂಡುವುದು ಹೇಗೆ?

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಪ್ರತಿ ವರ್ಷ ತಪಸ್ಸುಕಾಲದಲ್ಲಿ ನಮ್ಮ ಮನೆಗಳ ಬಾಗಿಲಿಗೆ ಬರುವ ಕರಪತ್ರಗಳಲ್ಲಿ ಇದು ಇದ್ದೇ ಇರುತ್ತದೆ. ಯೇಸು ಶಿಲುಬೆಗೇರಿದ್ದು ಬುಧವಾರ, ಧರ್ಮಸಭೆಯು ಜನರಿಗೆ ಸುಳ್ಳು ಶುಕ್ರವಾರವನ್ನು ಕಲಿಸಿದೆ ಎಂದು ಕೆಲವರು ವಾದಿಸುತ್ತಾರೆ. ಇನ್ನು ಕಾಲೇಜು ಮೆಟ್ಟಿಲು ಹತ್ತಿದ ನಮ್ಮದೇ ಮಕ್ಕಳು ಮೂರರವರೆಗೆ ಎಣಿಸಲು ಬಾರದ ಗ್ರಂಥವನ್ನು ನಂಬುವುದೆಂತು ಎಂದು ಕೇಳುತ್ತಾರೆ. ವಿಚಿತ್ರವೆಂದರೆ ಈ ಇಬ್ಬರೂ ಒಂದೇ ದೋಣಿಯ ಪಯಣಿಗರು. ಎರಡು ಸಾವಿರ ವರ್ಷಗಳ ಹಿಂದಿನ ಯೆಹೂದ್ಯನೊಬ್ಬನು ನಮ್ಮ ಕೈಗಡಿಯಾರವನ್ನು ನೋಡಿಕೊಂಡು ಮಾತನಾಡಿದನೆಂದು ಇಬ್ಬರೂ ಭಾವಿಸಿದ್ದಾರೆ.

ಪವಿತ್ರ ಗ್ರಂಥವನ್ನೇ ವಿಚಾರಿಸೋಣ. ತನಗಾಗಿ ಮೂರು ದಿನ, ಹಗಲು ಇರುಳೆನ್ನದೆ ಉಪವಾಸವಿರಿ, ಬಳಿಕ ಅರಸನ ಬಳಿಗೆ ಹೋಗುವೆನೆಂದು ಎಸ್ತೇರಳು ತನ್ನ ಜನರಿಗೆ ಹೇಳಿ ಕಳುಹಿಸುತ್ತಾಳೆ (4:16). ಆದರೆ ಆಕೆ ಅರಮನೆಯ ಒಳ ಅಂಗಳದಲ್ಲಿ ನಿಂತದ್ದು ಮೂರನೆಯ ದಿನವೇ (5:1), ನಾಲ್ಕನೆಯ ದಿನವಲ್ಲ. ಸಮುವೇಲನ ಮೊದಲನೆಯ ಗ್ರಂಥದಲ್ಲಿ (30:12-13) ದಾವೀದನ ಜನರಿಗೆ ಬಯಲಿನಲ್ಲಿ ಸಿಕ್ಕ ಈಜಿಪ್ಟಿನ ಆಳು ಮೂರು ಹಗಲು ಮೂರು ಇರುಳು ಅನ್ನ ನೀರು ಕಂಡಿರಲಿಲ್ಲ. ಅವನೇ ಬಾಯಿಬಿಟ್ಟಾಗ, ತಾನು ಕಾಯಿಲೆ ಬಿದ್ದು ಇಂದಿಗೆ ಮೂರು ದಿನವೆನ್ನುತ್ತಾನೆ. ಎಲ್ಲಕ್ಕಿಂತ ಸ್ವಾರಸ್ಯಕರವಾದ ಸಾಕ್ಷ್ಯ ಯೇಸುವಿನ ವೈರಿಗಳದು. ಮಹಾಯಾಜಕರು ಪಿಲಾತನ ಮುಂದೆ ನಿಂತು, ಮೂರು ದಿನಗಳಾದ ಮೇಲೆ ಏಳುವೆನೆಂದು ಆ ಮನುಷ್ಯ ಹೇಳಿದ್ದನೆಂದು ನೆನಪಿಸುತ್ತಾರೆ. ಅದೇ ಉಸಿರಿನಲ್ಲಿ ಅವರು ಬೇಡುವುದು ಮೂರನೆಯ ದಿನದವರೆಗಿನ ಕಾವಲನ್ನು (ಮತ್ತಾಯ 27:63-64). ಮೂರು ದಿನ ಕಳೆಯಬೇಕಾಗಿದ್ದರೆ ನಾಲ್ಕನೆಯ ದಿನಕ್ಕೂ ಕಾವಲು ಬೇಕಿತ್ತಲ್ಲವೇ? ಅವರಿಗೆ ಈ ಎರಡೂ ಮಾತಿನ ಅರ್ಥ ಒಂದೇ ಆಗಿತ್ತು.

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬಾಳಿದ ರಬ್ಬಿ ಎಲಿಯಾಜರ್ ಬೆನ್ ಅಜರ್ಯ ಅವರ ಹೆಸರಿನಲ್ಲಿ ಜೆರುಸಲೇಮಿನ ತಾಲ್ಮುದ್ ಒಂದು ನಿಯಮವನ್ನು ಉಳಿಸಿಕೊಂಡಿದೆ. ಹಗಲು ಇರುಳು ಸೇರಿ ಒಂದು ಅವಧಿ. ಆ ಅವಧಿಯ ತುಣುಕನ್ನೂ ಪೂರ್ಣವೆಂದೇ ಎಣಿಸಬೇಕೆಂಬುದು ಅದರ ಸಾರ. ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಈ ಭಾನುವಾರದಿಂದ ಮುಂದಿನ ಭಾನುವಾರಕ್ಕೆ ನಾವು ಎಂಟು ದಿನವೆನ್ನುತ್ತೇವೆ. ಎರಡು ವಾರಕ್ಕೆ ಹದಿನೈದು ದಿನವೆನ್ನುತ್ತೇವೆ. ಏಳು ಎರಡಲ ಹದಿನಾಲ್ಕೆಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ.

ರೋಮನ್ನರೂ ಎರಡು ತುದಿಗಳನ್ನು ಸೇರಿಸಿಯೇ ಎಣಿಸುತ್ತಿದ್ದರು. ಇದರಿಂದ ಒಮ್ಮೆ ದೊಡ್ಡ ಎಡವಟ್ಟಾಯಿತು. ಜೂಲಿಯಸ್ ಸೀಸರನು ಕ್ರಿ.ಪೂ. 45ರಲ್ಲಿ ಹೊಸ ಪಂಚಾಂಗವನ್ನು ಜಾರಿಗೆ ತಂದು ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನವನ್ನು ಸೇರಿಸಲು ಆಜ್ಞಾಪಿಸಿದನು. ಮರುವರ್ಷವೇ ಅವನ ಕೊಲೆಯಾಯಿತು. ನಾಲ್ಕನೆಯ ವರ್ಷವೆಂಬ ಮಾತನ್ನು ರೋಮಿನ ಪುರೋಹಿತರು ತಮ್ಮ ರೂಢಿಯಂತೆ ಎಣಿಸಿ, ಮೂರು ವರ್ಷಕ್ಕೊಮ್ಮೆಯೇ ದಿನವನ್ನು ಸೇರಿಸುತ್ತ ಹೋದರು. 36 ವರ್ಷಗಳಲ್ಲಿ 9 ದಿನಗಳಿಗೆ ಬದಲಾಗಿ 12 ದಿನಗಳು ಸೇರಿಬಿಟ್ಟವು! ಅಗಸ್ಟಸ್ ಚಕ್ರವರ್ತಿಯು ಮೂರು ಅಧಿಕ ದಿನಗಳನ್ನು ಕೈಬಿಡಿಸಿ ಇದನ್ನು ಸರಿಪಡಿಸಬೇಕಾಯಿತು. ಯೇಸು ಜನಿಸಿದ ಜಗತ್ತು ಹೀಗೆ ಎಣಿಸುತ್ತಿದ್ದ ಜಗತ್ತು.

ಧರ್ಮಸಭೆಯ ಪಿತೃಗಳು ಈ ತೊಡಕನ್ನು ಕಾಣದೆ ಹೋಗಲಿಲ್ಲ. ಅದರ ಕತೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ ತಿಕೋನಿಯುಸ್ ಎಂಬ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬನಿದ್ದನು. ಅವನು ಯಾಜಕನಲ್ಲ, ಧರ್ಮಸಭೆಯಿಂದ ಒಡೆದುಹೋಗಿದ್ದ ದೊನಾತಿಸ್ತರ ಪಂಗಡಕ್ಕೆ ಸೇರಿದವನು. ಆ ಪಂಗಡವೂ ಅವನ ವಿಚಾರಗಳನ್ನು ಸಹಿಸದೆ ಖಂಡಿಸಿತು. ಆದರೂ ಅವನು ಕಥೋಲಿಕ ಸಭೆಗೆ ಬರಲಿಲ್ಲ. ಪವಿತ್ರ ಗ್ರಂಥದ ಗೂಢಗಳಿಗೆ ಕೀಲಿಕೈಯಾಗಿ ಅವನು ಏಳು ನಿಯಮಗಳನ್ನು ಬರೆದನು. ಅವುಗಳಲ್ಲಿ ಐದನೆಯದು ಕಾಲವನ್ನು ಕುರಿತದ್ದು.

ಹಿಪ್ಪೋದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಗ್ರಂಥವ್ಯಾಖ್ಯಾನವನ್ನು ಕುರಿತ ತಮ್ಮ ‘ದೆ ದೊಕ್ತ್ರೀನ ಕ್ರಿಸ್ತಿಯಾನ’ ಕೃತಿಯನ್ನು ಸುಮಾರು 396ರಲ್ಲಿ ಆರಂಭಿಸಿ, ಮೂರನೆಯ ಭಾಗದ ನಡುವೆ ನಿಲ್ಲಿಸಿಬಿಟ್ಟಿದ್ದರು. ಮೂವತ್ತು ವರ್ಷಗಳ ಬಳಿಕ, ಮುಪ್ಪಿನಲ್ಲಿ ತಮ್ಮ ಕೃತಿಗಳನ್ನೆಲ್ಲ ಪರಿಶೀಲಿಸುತ್ತಿದ್ದಾಗ, ಅಪೂರ್ಣವಾಗಿದ್ದ ಇದನ್ನು ಕಂಡು 426-27ರಲ್ಲಿ ಪೂರ್ಣಗೊಳಿಸಿದರು. ಆಗ ಅವರು ಎತ್ತಿಕೊಂಡದ್ದು ಈ ತಿಕೋನಿಯುಸನ ಏಳು ನಿಯಮಗಳನ್ನೇ! ಜೀವಮಾನವಿಡೀ ದೊನಾತಿಸ್ತರೊಂದಿಗೆ ವಾದಿಸಿದ ಧರ್ಮಾಧ್ಯಕ್ಷರು ಆ ಪಂಗಡದವನೊಬ್ಬನ ಪುಸ್ತಕವನ್ನು, ಎಚ್ಚರದಿಂದ ಓದಿರೆಂಬ ಬುದ್ಧಿಮಾತಿನೊಂದಿಗೆ, ವಿದ್ಯಾರ್ಥಿಗಳಿಗೆ ಶಿಫಾರಸು ಮಾಡಿದರು. ಇಂಥ ಮನಸ್ಸಿನ ಹಿರಿಮೆಯನ್ನು ನಾವು ಗ್ರಂಥವ್ಯಾಖ್ಯಾನದ ಇತಿಹಾಸದಲ್ಲಿ ಪದೇ ಪದೇ ಕಾಣುವುದಿಲ್ಲ.

ಐದನೆಯ ನಿಯಮದ ತಿರುಳು ಗ್ರೀಕರು ‘ಸಿನೆಕ್ಡೊಕೆ’ ಎಂದು ಕರೆದ ಅಲಂಕಾರ: ಅಂಶವನ್ನು ಹೇಳಿ ಪೂರ್ಣವನ್ನು, ಪೂರ್ಣವನ್ನು ಹೇಳಿ ಅಂಶವನ್ನು ಸೂಚಿಸುವುದು. ನಮ್ಮ ಕಾವ್ಯಮೀಮಾಂಸಕರು ಇದನ್ನು ಲಕ್ಷಣೆಯ ಬಗೆಗಳಲ್ಲಿ ಒಂದಾಗಿ ಎಣಿಸಿಯಾರು. ಪ್ರಭುವಿನ ರೂಪಾಂತರವು ಆರು ದಿನಗಳ ಮೇಲಾಯಿತೆಂದು ಮತ್ತಾಯ, ಮಾರ್ಕರು ಬರೆದರೆ ಲೂಕರು ಸುಮಾರು ಎಂಟು ದಿನವೆನ್ನುತ್ತಾರೆ. ಮೊದಲ ಮತ್ತು ಕೊನೆಯ ದಿನಗಳ ತುಣುಕುಗಳನ್ನು ಸೇರಿಸಿಕೊಂಡರೆ ಎಂಟು, ಪೂರ್ಣ ದಿನಗಳನ್ನಷ್ಟೇ ಎಣಿಸಿದರೆ ಆರೆಂದು ಅಗಸ್ಟೀನರು ವಿವರಿಸುತ್ತಾರೆ. ಸಮಾಧಿಯ ಮೂರು ದಿನಗಳಿಗೂ ಇದೇ ಕೀಲಿಕೈ. ಯೆಹೂದ್ಯರ ದಿನ ಸಂಜೆಯಿಂದ ಸಂಜೆಗೆ. ಆದುದರಿಂದ ಶುಕ್ರವಾರದ ಕೊನೆಯ ಭಾಗವು ತನ್ನ ಹಿಂದಿನ ಇರುಳನ್ನೂ ಸೇರಿಸಿಕೊಂಡು ಒಂದು ದಿನ. ಶನಿವಾರ ಪೂರ್ಣವಾಗಿ ಒಂದು ದಿನ. ಶನಿವಾರ ಸಂಜೆಯಿಂದ ತೊಡಗುವ ಭಾನುವಾರವು ತನ್ನ ಹಗಲಿನೊಂದಿಗೆ ಮತ್ತೊಂದು. 16ನೆಯ ಶತಮಾನದಲ್ಲಿ ಇಟಲಿಯ ಮಿಲಾನಿನಲ್ಲಿ ರೂಢಿಗೆ ಬಂದ, ನಮ್ಮ ಧರ್ಮಕೇಂದ್ರಗಳ ಹಿರಿಯರೂ ಬಲ್ಲ 40 ಗಂಟೆಗಳ ಆರಾಧನೆಯು ಸಮಾಧಿಯಲ್ಲಿ ಕಳೆದ ಇದೇ ಹೊತ್ತಿನ ಸ್ಮರಣೆ. ಗಂಟೆಗಳು ಎಷ್ಟೆಂಬುದನ್ನು ಧರ್ಮಸಭೆ ಎಂದೂ ಬಚ್ಚಿಟ್ಟಿಲ್ಲ.

ಗಂಟೆಗಳ ವಿಷಯದಲ್ಲೂ ಒಂದು ಮಾತು. ಮಾರ್ಕರ ಪ್ರಕಾರ ಪ್ರಭುವನ್ನು ಶಿಲುಬೆಗೇರಿಸಿದ್ದು ಮೂರನೆಯ ಗಳಿಗೆಯಲ್ಲಿ, ಅಂದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ಯೊವಾನ್ನರ ಪ್ರಕಾರ ಪಿಲಾತನು ತೀರ್ಪು ನೀಡುವಾಗಲೇ ಸುಮಾರು ಆರನೆಯ ಗಳಿಗೆ, ನಡುಮಧ್ಯಾಹ್ನ. ಇದನ್ನು ಸುಲಭವಾಗಿ ಒಂದುಗೂಡಿಸಲು ಹೊರಟವರ ವಿವರಣೆಗಳು ನನಗೆ ಒಪ್ಪಿಗೆಯಾಗಿಲ್ಲ. ನಮ್ಮ ಹಿರಿಯರ ಜಾವಗಳಂತೆ ಅಂದಿನ ಜನರೂ ದಿನವನ್ನು ದೊಡ್ಡ ಭಾಗಗಳಲ್ಲಿ ಅಂದಾಜಿಸುತ್ತಿದ್ದುದು ಒಂದು ಕಾರಣವಿರಬಹುದು. ಪಾಸ್ಕದ ಕುರಿಮರಿಗಳ ಬಲಿಗೆ ಸಿದ್ಧತೆ ನಡೆಯುವ ಹೊತ್ತನ್ನು ಯೊವಾನ್ನರು ಉದ್ದೇಶಪೂರ್ವಕವಾಗಿಯೇ ಸೂಚಿಸಿದ್ದಾರೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಅಕ್ಷರವನ್ನು ಗಡಿಯಾರವಾಗಿಸುವುದು ಒಂದು ಅಪಾಯವಾದರೆ, ಅಲಂಕಾರವನ್ನು ಗಣಿತವಾಗಿಸುವುದು ಅದಕ್ಕಿಂತ ಘೋರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಿಲ್ಲರ್ ಎಂಬ ರೈತನು ಪ್ರಾಮಾಣಿಕ ಬ್ಯಾಪ್ಟಿಸ್ಟ್ ಕ್ರೈಸ್ತ. ದಾನಿಯೇಲನ ಗ್ರಂಥದ (8:14) 2300 ಸಂಜೆ ಮುಂಜಾನೆಗಳನ್ನು ಆತ ವರ್ಷಗಳೆಂದು ತಿಳಿದನು, ಕ್ರಿ.ಪೂ. 457ರಿಂದ ಎಣಿಸಿ 1843ರ ಹೊತ್ತಿಗೆ ಪ್ರಭುವಿನ ಪುನರಾಗಮನವೆಂದು ಸಾರಿದನು. ಆ ಗಡುವು ಕಳೆದಾಗ, ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆ ವರ್ಷವಿಲ್ಲವೆಂಬುದನ್ನು ಅನುಯಾಯಿಗಳು ಲೆಕ್ಕಕ್ಕೆ ಹಿಡಿದರು. ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನ ಗೊತ್ತಾಯಿತು. ಬೆಳೆದು ನಿಂತ ಪೈರನ್ನು ಕೆಲವರು ಕೊಯ್ಯಲಿಲ್ಲ. ಕೆಲವರು ಅಂಗಡಿ ಮುಚ್ಚಿದರು. ಸಾವಿರಾರು ಜನ ರಾತ್ರಿಯಿಡೀ ಕಾದರು. 23ರಂದು ಎಂದಿನಂತೆ ಬೆಳಗಾಯಿತು. ಅವರಲ್ಲಿ ಅನೇಕರು ಅತ್ತರು, ನೆರೆಹೊರೆಯವರು ನಕ್ಕರು. ಅವರ ಭಕ್ತಿಯನ್ನು ನಾನು ನಗಲಾರೆ. ಆದರೆ ಆ ಸಂಖ್ಯೆಯನ್ನು ಮೊದಲು ಕೇಳಿಸಿಕೊಂಡ ಜನರು ಯಾರೆಂಬುದನ್ನು ಅವರು ವಿಚಾರಿಸಲಿಲ್ಲ.

ಪವಿತ್ರ ಗ್ರಂಥದ ಲೇಖಕನು ತನ್ನ ಕಾಲದ ಮಾತಿನ ಮತ್ತು ನಿರೂಪಣೆಯ ರೂಢಿಗಳಲ್ಲಿ ಏನನ್ನು ಹೇಳಬಯಸಿದನೆಂದು ಹುಡುಕಬೇಕೆಂಬುದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಪ್ರಕಟಿಸಿದ ‘ದೇಯಿ ವೆರ್ಬುಮ್’ ಸಂವಿಧಾನದ ಬೋಧನೆ. ಹಾಗೆ ಹುಡುಕಿದರೆ ನಾವು ಅಮೆರಿಕಕ್ಕಲ್ಲ, ಜೆರುಸಲೇಮಿಗೆ ಬಂದು ನಿಲ್ಲುತ್ತೇವೆ. ದೇವಾಲಯದಲ್ಲಿ ದಿನಕ್ಕೆ ಎರಡು ಬಲಿ, ಸಂಜೆಗೊಂದು, ಮುಂಜಾನೆಗೊಂದು. 2300 ಬಲಿಗಳು ನಿಂತವೆಂದರೆ 1150 ದಿನಗಳು, ಮೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚು. ಅರಸ ನಾಲ್ಕನೆಯ ಅಂತಿಯೋಕನು ಕ್ರಿ.ಪೂ. 167ರಲ್ಲಿ ಆ ಪವಿತ್ರ ಸ್ಥಳವನ್ನು ಹೊಲೆಗೆಡಿಸಿದನು. ಯೂದ ಮಕ್ಕಬಿಯು ಕ್ರಿ.ಪೂ. 164ರಲ್ಲಿ ಅದನ್ನು ಶುದ್ಧೀಕರಿಸಿದನು. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಮಕ್ಕಬಿಯರ ಮೊದಲನೆಯ ಗ್ರಂಥದ 1 ಮತ್ತು 4ನೆಯ ಅಧ್ಯಾಯಗಳು ತಿಂಗಳು, ತಾರೀಖು ಸಮೇತ ಇದನ್ನು ಹೇಳುತ್ತವೆ. ಕಿಸ್ಲೇವ್ ತಿಂಗಳ 25ರಂದು ದೀಪಗಳು ಮತ್ತೆ ಬೆಳಗಿದವು. ಆ ದಿನದ ನೆನಪಿಗಾಗಿ ವರ್ಷ ವರ್ಷವೂ ಹಬ್ಬ ನಡೆಯಿತು. ಸುಮಾರು ಇನ್ನೂರು ವರ್ಷಗಳ ಬಳಿಕ, ಅದೇ ಪ್ರತಿಷ್ಠಾಪನೆಯ ಹಬ್ಬದಂದು, ಚಳಿಗಾಲದಲ್ಲಿ, ಯೇಸುಸ್ವಾಮಿ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದುದನ್ನು ಸಂತ ಯೊವಾನ್ನರು ಬರೆದಿಟ್ಟಿದ್ದಾರೆ (10:22-23).