ಪಾರ್ಶ್ವವಾಯುವಿನ ಬಳಿಕ ಉಸಿರಾಟದ ವ್ಯಾಯಾಮ: ಏಕೆ, ಹೇಗೆ?

ಪಾರ್ಶ್ವವಾಯು ಬಡಿದವರನ್ನು ನೋಡಲು ಬಂದ ನೆಂಟರಿಷ್ಟರು ಮೊದಲು ಕೇಳುವುದು ಕೈ ಎತ್ತುತ್ತಾರೆಯೇ, ಕಾಲೂರಿ ನಿಲ್ಲುತ್ತಾರೆಯೇ ಎಂದು. ಉಸಿರಾಟದ ಬಗ್ಗೆ ವಿಚಾರಿಸುವವರು ವಿರಳ. ಆದರೆ ಲಕ್ವ ಹೊಡೆದ ಮೊದಲ ವಾರಗಳಲ್ಲಿ ರೋಗಿಯ ಜೀವಕ್ಕೆ ಎರವಾಗುವ ಪ್ರಮುಖ ತೊಡಕುಗಳಲ್ಲಿ ನ್ಯುಮೋನಿಯ ಒಂದು. ಆಸ್ಪತ್ರೆ ಸೇರಿದ ಸರಿಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಅದು ತಗಲುತ್ತದೆ. ಉಸಿರಾಟದ ವ್ಯಾಯಾಮದ ಮುಖ್ಯ ಗುರಿ ಈ ಅಪಾಯವನ್ನು ತಗ್ಗಿಸುವುದು. ಬಿದ್ದುಹೋದ ಕೈಕಾಲನ್ನು ಅದು ಮರಳಿ ತರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಸಂಡೂರು ತಾಲ್ಲೂಕಿನ ದೋಣಿಮಲೈಯಂತಹ ಊರುಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ಸಾರ್ವಜನಿಕ ವಲಯದ ಎನ್‌ಎಂಡಿಸಿ 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಆರಂಭಿಸಿತು. ಮುಂದೆ 2000ದ ದಶಕದಲ್ಲಿ ಅದಿರಿಗೆ ಬೆಲೆ ಬಂದಾಗ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡುವವರೆಗೂ, ಸಂಡೂರು ಮತ್ತು ಹೊಸಪೇಟೆ ಸೀಮೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು, ಕೆಂಧೂಳು ನಿತ್ಯದ ದೃಶ್ಯವಾಗಿತ್ತು. ಅಂದು ಮೂವತ್ತು, ನಲವತ್ತರ ಹರೆಯದಲ್ಲಿ ಗಣಿ ಹಾಗೂ ಲಾರಿಗಳಲ್ಲಿ ದುಡಿದವರು ಈಗ ಪಾರ್ಶ್ವವಾಯುವಿನ ಸಂಭವ ಹೆಚ್ಚುವ ವಯಸ್ಸಿಗೆ ಕಾಲಿಟ್ಟಿದ್ದಾರೆ. ಕೇವಲ ಕಬ್ಬಿಣದ ಧೂಳು ಶ್ವಾಸಕೋಶದ ಕಾರ್ಯವನ್ನು ಅಷ್ಟಾಗಿ ಕೆಡಿಸದು. ಅದರೊಡನೆ ಬರುವ ಸಿಲಿಕಾ ಕೆಡಿಸುತ್ತದೆ. ಬೀಡಿ, ಸಿಗರೇಟು ಸೇರಿದರೆ ಹಾನಿ ಇನ್ನೂ ಹೆಚ್ಚು. ಮೊದಲೇ ದಣಿದ ಶ್ವಾಸಕೋಶದ ಮೇಲೆ ಲಕ್ವದ ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ ಕಡಿಮೆ.

ಉಸಿರು ಕುಂದುವುದೇಕೆ?

ನಾವು ಅರಿವಿಲ್ಲದೆ ಆಡುವ ಉಸಿರನ್ನು ಮಿದುಳಿನ ಕಾಂಡ ನಿಯಂತ್ರಿಸುತ್ತದೆ. ಬಹುತೇಕ ರೋಗಿಗಳಲ್ಲಿ ಅದು ಕೆಡುವುದಿಲ್ಲವಾದ್ದರಿಂದ ಸುಮ್ಮನೆ ಮಲಗಿದ್ದಾಗ ಉಸಿರಾಟ ಸರಿಯಾಗಿಯೇ ಕಾಣುತ್ತದೆ. ಬೇಕೆಂದು ದೀರ್ಘವಾಗಿ ಉಸಿರೆಳೆಯಲು, ಬಲವಾಗಿ ಕೆಮ್ಮಲು ಹೊರಟಾಗ ಕೊರತೆ ಬಯಲಾಗುತ್ತದೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಸ್ನಾಯು ಲಕ್ವವಾದ ಪಕ್ಕದಲ್ಲಿ ಕಡಿಮೆ ಚಲಿಸುತ್ತದೆ, ಹೊಟ್ಟೆಯ ಸ್ನಾಯುಗಳೂ ಸೋಲುತ್ತವೆ. ಕೆಮ್ಮಿಗೆ ಬಲವಿಲ್ಲದಿದ್ದರೆ ಕಫ ಒಳಗೇ ನಿಲ್ಲುತ್ತದೆ.

ಇದರ ಜೊತೆಗೆ ನುಂಗುವ ತೊಂದರೆ. ಲಕ್ವದ ಆರಂಭದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಇದು ಇರುತ್ತದೆ. ಅನೇಕರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಷ್ಟರೊಳಗೆ ಮಲಗಿದ್ದವರ ಬಾಯಿಗೆ ಗಂಜಿ, ನೀರು, ಚಹಾ ಹನಿಸುವ ಅಕ್ಕರೆಯೇ ಮುಳುವಾಗಬಲ್ಲದು. ದ್ರವ ಶ್ವಾಸನಾಳಕ್ಕೆ ಇಳಿದರೂ ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಆದ್ದರಿಂದ ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಯ ಮೂಲಕ ಏನನ್ನೂ ಕೊಡಬಾರದು. ಆಹಾರಕ್ಕೆ ವೈದ್ಯರು ಅನುಮತಿಸಿದ ಮೇಲೂ ನೇರವಾಗಿ ಕೂರಿಸಿಯೇ ಉಣಿಸಬೇಕು, ಊಟದ ನಂತರ ಅರ್ಧ ಗಂಟೆಯಾದರೂ ಮಲಗಿಸಬಾರದು. ಹಲ್ಲು, ನಾಲಿಗೆಗಳ ಸ್ವಚ್ಛತೆಯೂ ನ್ಯುಮೋನಿಯ ತಡೆಯುವ ಕೆಲಸವೇ. ಯಾವ ವ್ಯಾಯಾಮವೂ ಇವುಗಳಿಗೆ ಬದಲಿಯಲ್ಲ.

ಅಭ್ಯಾಸದ ಕ್ರಮ

ವೈದ್ಯರ ಒಪ್ಪಿಗೆ ದೊರೆತ ಬಳಿಕ, ಹೊಟ್ಟೆ ತುಂಬಿರದ ಹೊತ್ತಿನಲ್ಲಿ ಅಭ್ಯಾಸ ಆರಂಭಿಸಬಹುದು. ರೋಗಿಯನ್ನು ಕುರ್ಚಿಯಲ್ಲಿ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಸೋತ ಕೈಯನ್ನು ದಿಂಬಿನ ಮೇಲಿರಿಸಬೇಕು. ತೋಳು ಜೋತುಬಿದ್ದರೆ ಭುಜಕ್ಕೆ ನೋವಾಗುವುದಲ್ಲದೆ ಎದೆಗೂಡೂ ಒಂದು ಕಡೆ ವಾಲುತ್ತದೆ. ಸರಿಯಿರುವ ಕೈಯನ್ನು ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ನಿಧಾನವಾಗಿ ಉಸಿರೆಳೆದಾಗ ಕೈ ಮೇಲೇಳುವಂತೆ ನೋಡಿಕೊಳ್ಳಬೇಕು. ಬಿಡುವಾಗ ಆತುರ ಕೂಡದು. ನಾಲ್ಕೈದು ಉಸಿರಾದ ಮೇಲೆ ವಿರಾಮ. ಎಡೆಬಿಡದೆ ಮಾಡಿದರೆ ತಲೆ ಸುತ್ತುತ್ತದೆ. ಲಕ್ವವಾದ ಪಕ್ಕದ ಪಕ್ಕೆಲುಬಿನ ಮೇಲೆ ಮನೆಯವರು ಅಂಗೈಯಿಟ್ಟು ‘ಇಲ್ಲಿಗೆ ಗಾಳಿ ತುಂಬಿ’ ಎಂದು ಹೇಳಿಕೊಡುವುದು ಫಿಸಿಯೋಥೆರಪಿಸ್ಟರು ಕಲಿಸುವ ಸರಳ ಉಪಾಯ. ಕಫ ಹೊರಹಾಕಲು ಬಾಯಿ ತೆರೆದು, ಕನ್ನಡಿಗೆ ಆವಿ ಹಿಡಿಸುವಂತೆ ‘ಹಾ’ ಎಂದು ಒಂದೆರಡು ಬಾರಿ ರಭಸದಿಂದ ಉಸಿರು ಬಿಟ್ಟು, ಆನಂತರ ಕೆಮ್ಮಿಸಬೇಕು.

ಮೂರು ಚೆಂಡುಗಳ ಸ್ಪೈರೋಮೀಟರ್ ಔಷಧದಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 2020–21ರ ಕೋವಿಡ್ ಕಾಲದಲ್ಲಿ ಕೊಂಡದ್ದು ಇನ್ನೂ ಎಷ್ಟೋ ಮನೆಗಳಲ್ಲಿದೆ. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ಅದನ್ನು ಊದುವವರೇ ಹೆಚ್ಚು. ಚೆಂಡು ಮೇಲೇಳಬೇಕಾದದ್ದು ಉಸಿರು ಒಳಗೆಳೆದಾಗ. ಬಾಯಿ ಸೊಟ್ಟಗಾದವರಿಗೆ ತುಟಿಯಂಚಿನಿಂದ ಗಾಳಿ ಸೋರುವುದರಿಂದ ಆ ಬದಿಯನ್ನು ಬೆರಳಿನಿಂದ ಒತ್ತಿಹಿಡಿಯಬೇಕಾಗುತ್ತದೆ.

ಸ್ನಾಯುಬಲ ಹೆಚ್ಚಿಸುವ ಉಪಕರಣ ಬೇರೆ. ಅದರೊಳಗಿನ ಸ್ಪ್ರಿಂಗ್ ಕವಾಟ ಉಸಿರಿಗೆ ನಿರ್ದಿಷ್ಟ ತಡೆಯೊಡ್ಡುತ್ತದೆ. ರೋಗಿಯ ಗರಿಷ್ಠ ಬಲವನ್ನು ಅಳೆದು, ಸಾಮಾನ್ಯವಾಗಿ ಅದರ ಶೇ. 30ರಷ್ಟು ತಡೆಯಿಂದ ಆರಂಭಿಸಿ ಕ್ರಮೇಣ ಏರಿಸಲಾಗುತ್ತದೆ. 2016ರಲ್ಲಿ ‘ಜರ್ನಲ್ ಆಫ್ ಫಿಸಿಯೋಥೆರಪಿ’ಯಲ್ಲಿ ಪ್ರಕಟವಾದ ವಿಮರ್ಶೆಯೊಂದು ಐದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಐದು ವಾರಗಳ ಅಭ್ಯಾಸದಿಂದ ಉಸಿರಾಟದ ಸ್ನಾಯುಗಳ ಬಲ ಹೆಚ್ಚುತ್ತದೆ, ಶ್ವಾಸಕೋಶದ ತೊಡಕುಗಳು ಇಳಿಯುತ್ತವೆ ಎಂಬುದು ಅದರ ತೀರ್ಮಾನ. ನಡಿಗೆ ಮತ್ತು ನಿತ್ಯಕೆಲಸಗಳಿಗೆ ಲಾಭವಿದೆಯೇ ಎಂಬುದು ಅದರಲ್ಲಿ ಖಚಿತವಾಗಲಿಲ್ಲ. ಪ್ರಯೋಗಗಳೂ ಚಿಕ್ಕವು.

ಎಲ್ಲವನ್ನೂ ಮನೆಯವರೇ ಮಾಡಿಸಬಹುದೇ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನೊಳಗೊಂಡ ‘ಅಟೆಂಡ್’ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದು ಉಸಿರಾಟಕ್ಕೆ ಸೀಮಿತವಾಗಿರದೆ ಒಟ್ಟು ಪುನಶ್ಚೇತನವನ್ನು ಕುರಿತದ್ದು. ಮನೆಯವರಿಗೆ ತರಬೇತಿ ಕೊಟ್ಟು ಮಾಡಿಸಿದ ಹೆಚ್ಚುವರಿ ವ್ಯಾಯಾಮದಿಂದ ಆರು ತಿಂಗಳ ನಂತರದ ಸಾವು ಅಥವಾ ಪರಾವಲಂಬನೆಯಲ್ಲಿ ಇಳಿಕೆ ಕಾಣಲಿಲ್ಲ. ತಜ್ಞರ ಮೇಲ್ವಿಚಾರಣೆ ಬೇಕೇ ಬೇಕು. ಈ ಭಾಗದವರು ಅದಕ್ಕಾಗಿ ವಿಮ್ಸ್ ಎಂಬ ಹಳೆಯ ಹೆಸರಿನಿಂದಲೇ ಪರಿಚಿತವಾದ, 1961ರಲ್ಲಿ ಆರಂಭಗೊಂಡ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ವಾರವಾರವೂ ಬಸ್ಸಿನಲ್ಲಿ ಕರೆದೊಯ್ಯುವುದು ಸುಲಭವಲ್ಲ. ಹೋದಾಗಲೇ ಕ್ರಮವನ್ನು ಬರೆಸಿಕೊಂಡು, ರೋಗಿಯಿಂದ ಅಲ್ಲಿಯೇ ಒಮ್ಮೆ ಮಾಡಿಸಿ ತೋರಿಸುವುದು ಲೇಸು. ಪಾರಿವಾಳದ ರಕ್ತ ಹಚ್ಚಿಸಲು ಊರೂರು ಸುತ್ತುವ ಶ್ರಮ ಇಲ್ಲಿಗೆ ಸಂದರೆ ಹೆಚ್ಚು ಪ್ರಯೋಜನ.

ಪ್ರಾಣಾಯಾಮ ಮಾಡಬಹುದೇ?

ಟೀವಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಮಾಡಿಸುವ ಕುಟುಂಬಗಳಿವೆ. ರಕ್ತದೊತ್ತಡ ಹತೋಟಿಗೆ ಬಾರದವರಿಗೆ, ಮಿದುಳಿನಲ್ಲಿ ರಕ್ತಸ್ರಾವವಾಗಿ ಲಕ್ವ ಬಂದವರಿಗೆ ಇವು ಸಲ್ಲ. ಉಸಿರು ಬಿಗಿಹಿಡಿಯುವ ಕುಂಭಕವೂ ಬೇಡ. ಉಸಿರು ಕಟ್ಟಿ ಮುಕ್ಕಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. ಒತ್ತಡವಿಲ್ಲದ ನಿಧಾನ ಉಸಿರಾಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಅಭ್ಯಾಸದ ನಡುವೆ ಎದೆನೋವು, ತಲೆಸುತ್ತು, ತೀವ್ರ ತಲೆನೋವು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಜ್ವರ, ಊಟದ ವೇಳೆ ಗೊರಗೊರ ದನಿ, ಹಳದಿ ಅಥವಾ ಹಸಿರು ಕಫ, ಏದುಸಿರು, ಹೆಚ್ಚುತ್ತಿರುವ ಮಂಪರು ಇವು ನ್ಯುಮೋನಿಯದ ಸೂಚನೆಗಳಿರಬಹುದು. ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಮತ್ತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಇನ್ನೊಂದು ಲಕ್ವವಾಗಿರಬಹುದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳಷ್ಟೇ ಕಾಲಾವಕಾಶ. ಆಂಬ್ಯುಲೆನ್ಸ್‌ಗೆ 108ಕ್ಕೆ ಕರೆ ಮಾಡುವಾಗ ಲಕ್ಷಣ ಕಾಣಿಸಿಕೊಂಡ ವೇಳೆಯನ್ನು ಗುರುತು ಹಾಕಿಟ್ಟುಕೊಂಡು ಆಸ್ಪತ್ರೆಯಲ್ಲಿ ಹೇಳಬೇಕು.